ಕಾಣೆಯಾಗಲಿಕ್ಕೂ ಒಂದು ವಿಳಾಸ ಬೇಕು

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾವನ್ನು ನಾನು ಎರಡನೇ ಸಲ ನೋಡಿದ್ದು ಟೀವಿಯಲ್ಲಿ, ನಮ್ಮವ್ವನ ಜೊತೆ. ಮುಗಿಯುವ ಹೊತ್ತಿಗೆ ನನ್ನ ಕಣ್ಣು ಒದ್ದೆಯಾಗಿತ್ತು. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಒಂದು ಮಾತು ಕೇಳಿದಳು: "ಅಲ್ಲ ಕಣ್ ಮಗ, ಇಷ್ಟೊತ್ತು ಅಲ್ದಾಡುದ್ರಲ್ಲ ಆ ಯಪ್ಪ, ಯಾರಾದ್ರೂ ಒಬ್ರು 'ನೀವು ಯಾವ ಜನ' ಅಂತ ಕೇಳುದ್ರಾ?"

"ಸಿನಿಮಾದಲ್ಲಿ ಅದೆಲ್ಲ ಕೇಳಲ್ಲ ಕಣವ್ವ" ಅಂದೆ.

"ಅದ್ಕೇ ಸಿಕ್ಬುಟ್ರು ಬುಡು" ಅಂತ ಅವಳು ಎದ್ದು ಹೋದಳು.

ಈ ಬರಹ ಅವ್ವನ ಆ ಎರಡು ಮಾತುಗಳ ಸುತ್ತ ಹುಟ್ಟಿದ್ದು. ದಲಿತ ವಿಮರ್ಶೆ ಎಂದರೆ ಕೃತಿಯಲ್ಲಿ ದಲಿತ ಪಾತ್ರ ಇದೆಯೋ ಇಲ್ಲವೋ, ಇದ್ದರೆ ಒಳ್ಳೆಯವನೋ ಕೆಟ್ಟವನೋ ಎಂದು ತಲೆ ಎಣಿಸುವುದು ಎಂಬ ತಿಳಿವಳಿಕೆ ನಮ್ಮ ವಿರೋಧಿಗಳಲ್ಲಿ ಮಾತ್ರ ಇರುವುದಲ್ಲ, ನಮ್ಮಲ್ಲೂ ಇದೆ. ಈ ಸಿನಿಮಾದಲ್ಲಿ ಒಂದು ದಲಿತ ಪಾತ್ರವನ್ನು ತಂದು ಕೂರಿಸಿದ್ದರೆ ನನ್ನ ತಕರಾರು ಮುಗಿಯುತ್ತಿತ್ತೇ ಎಂದು ನನ್ನನ್ನೇ ಕೇಳಿಕೊಂಡೆ. ಖಂಡಿತ ಇಲ್ಲ. ತಕರಾರು ಇರುವುದು ಪಾತ್ರಗಳ ಬಗ್ಗೆ ಅಲ್ಲ, ಕಥೆಯ ಹಂದರದ ಬಗ್ಗೆ. ಕಾಯಿಲೆಯೊಂದು ಯಾವಾಗ ಕಥೆಯಾಗುತ್ತದೆ, ಯಾವಾಗ ಬರೀ ಪರಿಸ್ಥಿತಿಯಾಗಿ ಉಳಿಯುತ್ತದೆ ಎಂಬುದು ನನ್ನ ಪ್ರಶ್ನೆ.

1

ಹೇಮಂತ್ ಎಂ. ರಾವ್ ನಿರ್ದೇಶನದ ಈ ಸಿನಿಮಾ ಬಂದದ್ದು 2016ರಲ್ಲಿ. ಕಥೆ ಬಹಳ ಜನಕ್ಕೆ ಗೊತ್ತಿರುವಂಥದ್ದೇ. ವೆಂಕೋಬ ರಾವ್ (ಅನಂತ್ ನಾಗ್) ಅವರಿಗೆ ಅಲ್‌ಝೈಮರ್ಸ್ ಕಾಯಿಲೆ. ಹೆಂಡತಿ ತೀರಿಕೊಂಡಿದ್ದಾರೆ. ಒಬ್ಬನೇ ಮಗ ಶಿವ (ರಕ್ಷಿತ್ ಶೆಟ್ಟಿ) ಮುಂಬೈಯಲ್ಲಿ ಕೆಲಸದಲ್ಲಿದ್ದಾನೆ. ತಂದೆಯನ್ನು ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿ ಬಿಟ್ಟಿದ್ದಾನೆ. ಊರಿಗೆ ಬಂದವನು ತಂದೆಯನ್ನು ಬಟ್ಟೆಬರೆ ಕೊಡಿಸಲು ಹೊರಗೆ ಕರೆದುಕೊಂಡು ಹೋಗುತ್ತಾನೆ. ಅವತ್ತೇ ಅವನ ಅಜಾಗರೂಕತೆಯಿಂದ ತಂದೆ ಕಣ್ತಪ್ಪಿ ಹೋಗುತ್ತಾರೆ. ಅಲ್ಲಿಂದ ಕಥೆ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿಯಲ್ಲಿ ಮಗನೂ ಡಾಕ್ಟರ್ ಸಹನಾಳೂ (ಶ್ರುತಿ ಹರಿಹರನ್) ಪೋಸ್ಟರ್ ಹಿಡಿದು ಹುಡುಕುತ್ತಾರೆ. ಇನ್ನೊಂದು ದಾರಿಯಲ್ಲಿ ವೆಂಕೋಬ ರಾಯರು ರಂಗ ಎಂಬ ಕೊಲೆಗಾರನ (ವಸಿಷ್ಠ ಸಿಂಹ) ವ್ಯಾನು ಹತ್ತುತ್ತಾರೆ. ಆ ವ್ಯಾನಿನಲ್ಲಿ ಒಂದು ಹೆಣ ಇದೆ. ಕೊನೆಗೆ ಅವರೆಲ್ಲ ಹೋಗಿ ಸೇರುವುದು ಒಂದು ಮಧ್ಯಮ ವರ್ಗದ ಸಂಸಾರದ ಮನೆಯನ್ನು. ಆ ಮನೆಯ ಯಜಮಾನ ಅಚ್ಯುತ್ ಕುಮಾರ್.

ಕಥಾಸಂವಿಧಾನದ ಜಾಣತನವನ್ನು ಮೆಚ್ಚಲೇಬೇಕು. ರೋಗದ ಕಥೆ ಅಂದರೆ ಮಂಚ, ಔಷಧಿ ಬಾಟಲಿ, ಕಣ್ಣೀರು ಎಂಬ ರೂಢಿಯನ್ನು ಈ ಸಿನಿಮಾ ಮುರಿಯುತ್ತದೆ. ರೋಗಿಯನ್ನು ಮಂಚದಿಂದ ಎಬ್ಬಿಸಿ ಬೀದಿಗೆ ಬಿಡುತ್ತದೆ. ರೋಗಿ ನಡೆಯುತ್ತಾನೆ, ಕಥೆ ಅವನ ಹಿಂದೆ ನಡೆಯುತ್ತದೆ. ನೆನಪಿಲ್ಲದ ಮನುಷ್ಯನಿಗೆ ಭಯವೂ ಇಲ್ಲ. ಭಯವಿಲ್ಲದ್ದರಿಂದ ಅವನು ಕೊಲೆಗಾರನ ಜೊತೆಯಲ್ಲೂ ಮನುಷ್ಯನಂತೆ ಮಾತಾಡಬಲ್ಲ. ಅನಂತ್ ನಾಗ್ ಆ ಖಾಲಿ ನೋಟವನ್ನು ಎಲ್ಲೂ ಅತಿಗೊಳಿಸದೆ ಹಿಡಿದಿದ್ದಾರೆ. ಇದನ್ನು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ.

ಆದರೆ ಹಂದರವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಮಗ ಹುಡುಕುತ್ತಿರುವುದು ತಂದೆಯನ್ನು. ಅವನಿಗೆ ಸಿಗುತ್ತ ಹೋಗುವುದು ತಂದೆಯ ಪೂರ್ವಕಥೆ. ತಂದೆಯನ್ನು ಬಲ್ಲವರು ಒಬ್ಬೊಬ್ಬರಾಗಿ ಎದುರಾಗಿ, ಆ ಮನುಷ್ಯ ಎಂಥವನಾಗಿದ್ದ, ಹೆಂಡತಿಯನ್ನು ಹೇಗೆ ಪ್ರೀತಿಸಿದ್ದ ಎಂದು ಮಗನಿಗೆ ಹೇಳುತ್ತಾರೆ. ಅಂದರೆ ತಂದೆಯ ತಲೆಯಿಂದ ಅಳಿಸಿಹೋದದ್ದು ಊರಿನ ತಲೆಯಲ್ಲಿ ಭದ್ರವಾಗಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಯ ಹಾಗೆ. ಮಗ ಹೋಗಿ ಅದನ್ನು ಬಿಡಿಸಿಕೊಳ್ಳುತ್ತಾನೆ. ತಂದೆ ಮರೆತದ್ದು ಮಗನಿಗೆ ಆಸ್ತಿಯಾಗಿ ಬರುತ್ತದೆ, ಮಗ ಬದಲಾಗುತ್ತಾನೆ, ತಂದೆ ಸಿಗುತ್ತಾರೆ. ರೋಗ ವಾಸಿಯಾಗುವುದಿಲ್ಲ, ಆದರೆ ಮನೆ ವಾಸಿಯಾಗುತ್ತದೆ.

ಇದು ನಡೆಯಬೇಕಾದರೆ ಏನೇನಿರಬೇಕು ಎಂದು ಪಟ್ಟಿ ಮಾಡಿ ನೋಡಿ. ಪೋಸ್ಟರಿಗೆ ಹಾಕಲು ಒಂದು ಫೋಟೋ ಇರಬೇಕು. ಹುಡುಕುವ ಮಗನಿಗೆ ದಿನಗಟ್ಟಲೆ ಅಲೆಯುವಷ್ಟು ಬಿಡುವು, ಕೈಯಲ್ಲಿ ಕಾಸು ಇರಬೇಕು. ಹೇಳಿದ ಕೂಡಲೆ ಕಿವಿಗೊಡುವ ಪೊಲೀಸು ಬೇಕು. ತಂದೆಯ ಗತಕಾಲವನ್ನು ಗೌರವದಿಂದ ನೆನೆಯುವ ನಾಲ್ಕು ಜನ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ದಾರಿ ತಪ್ಪಿದ ಮುದುಕ ಯಾವ ಬೀದಿಗೆ ಕಾಲಿಟ್ಟರೂ, ಯಾರ ಮನೆ ಹೊಕ್ಕರೂ, ಅಪಾಯ ಬರುವುದು ಕೊಲೆಗಾರನಿಂದ ಮಾತ್ರ ಎಂಬ ಒಂದು ಲೋಕ ಬೇಕು. ಅವ್ವ ಕೇಳಿದ್ದು ಈ ಕೊನೆಯದನ್ನು.

2

ಈ ವಿನ್ಯಾಸ ಒಂದು ಸಿನಿಮಾದ್ದಲ್ಲ. 1971ರ ಹಿಂದಿ ಸಿನಿಮಾ 'ಆನಂದ್' ನೆನಪಿಸಿಕೊಳ್ಳಿ. ಹೃಷಿಕೇಶ್ ಮುಖರ್ಜಿಯವರ ಸಿನಿಮಾ; ರಾಜೇಶ್ ಖನ್ನಾಗೆ ವಾಸಿಯಾಗದ ಕ್ಯಾನ್ಸರ್, ಅಮಿತಾಭ್ ಬಚ್ಚನ್ ಡಾಕ್ಟರು. ನಮ್ಮಲ್ಲಿ ಬಹಳ ಜನ ಈ ಸಿನಿಮಾ ನೋಡಿ ಅತ್ತವರೇ. ಆದರೆ ಅದರ ಮೊದಲ ಭಾಗ ಎಷ್ಟು ಜನಕ್ಕೆ ನೆನಪಿದೆ? ಡಾಕ್ಟರ್ ಭಾಸ್ಕರ್ ಬಡವರ ನಡುವೆ ಕೆಲಸ ಮಾಡುವವನು. ಈ ಜನರ ಕಾಯಿಲೆ ಹಸಿವು, ಬಡತನ; ಅದಕ್ಕೆ ನನ್ನ ಚೀಲದಲ್ಲಿ ಮದ್ದಿಲ್ಲ ಎಂದು ಅವನು ಒಳಗೇ ಬೇಯುತ್ತಿರುತ್ತಾನೆ. ಸಿನಿಮಾ ಇದನ್ನು ಪ್ರಾಮಾಣಿಕವಾಗಿಯೇ ಹೇಳುತ್ತದೆ. ಆಮೇಲೆ ಆನಂದ್ ಬರುತ್ತಾನೆ. ಬಂದ ಕೂಡಲೆ ಕಥೆಯ ಮುಖವೆಲ್ಲ ಅವನ ಕಡೆ ತಿರುಗುತ್ತದೆ. ಆ ಬಡ ರೋಗಿಗಳು ಏನಾದರು? ಅವರಿಗೆ ರೋಗವಿತ್ತು, ಕಥೆಯಿರಲಿಲ್ಲ. ಅವರು ಡಾಕ್ಟರನ ಮನಸ್ಸಿನ ಕತ್ತಲೆಗೆ ಹಿನ್ನೆಲೆಯಾಗಿ ಬಂದು ಹೋದರು. ಒಬ್ಬನ ಸಾವು ಕಥೆ, ನೂರು ಜನರ ಸಾವು ಪರಿಸ್ಥಿತಿ.

2005ರ ಮಲಯಾಳಂ ಸಿನಿಮಾ 'ತನ್ಮಾತ್ರ' ಈ ಹಂದರವನ್ನು ಇನ್ನೂ ಬಿಚ್ಚಿ ತೋರಿಸುತ್ತದೆ. ಬ್ಲೆಸ್ಸಿ ನಿರ್ದೇಶಕ, ಮೋಹನ್‌ಲಾಲ್ ಮುಖ್ಯ ಪಾತ್ರ. ಇಲ್ಲೂ ಮರೆವಿನ ಕಾಯಿಲೆಯೇ. ರಮೇಶನ್ ನಾಯರ್ ಕೇರಳದ ಸೆಕ್ರೆಟೇರಿಯಟ್ಟಿನಲ್ಲಿ ನೌಕರ. ಮಗನನ್ನು ಐಎಎಸ್ ಮಾಡಬೇಕೆಂಬುದು ಅವನ ಕನಸು. ತಂದೆಯ ಬುದ್ಧಿ ಕುಂದುತ್ತ ಹೋಗುತ್ತದೆ, ಮಗನ ಓದು ಏರುತ್ತ ಹೋಗುತ್ತದೆ. ಕೊನೆಗೆ ಮಗ ಪಾಸಾಗುತ್ತಾನೆ, ತಂದೆ ಸಾಯುತ್ತಾನೆ. ತಕ್ಕಡಿಯ ಎರಡು ತಟ್ಟೆ. ಒಂದು ತಲೆಯಿಂದ ಜಾರಿದ್ದು ಇನ್ನೊಂದು ತಲೆಯಲ್ಲಿ ರ‍್ಯಾಂಕಾಗಿ ಕೂಡುತ್ತದೆ. ನೆನಪು ಎಂಬುದು ಇಲ್ಲಿ ವಂಶದ ಸೊತ್ತು. ರೋಗ ಎಂಬುದು ಆ ಸೊತ್ತು ಕೈ ಬದಲಾಯಿಸುವ ಗಳಿಗೆ.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಗಂಭೀರ ಕಾಯಿಲೆಯ ಸಿನಿಮಾದ ಅಸ್ಥಿಪಂಜರ ಕಾಣುತ್ತದೆ. ಮೊದಲಿಗೆ ಒಂದು 'ಚೆನ್ನಾಗಿದ್ದ ಕಾಲ' ಬೇಕು. ಅದನ್ನು ತೋರಿಸಬಹುದು, ಇಲ್ಲವೇ ಆಮೇಲೆ ಯಾರ ಬಾಯಲ್ಲಾದರೂ ಹೇಳಿಸಬಹುದು. ಎರಡನೆಯದಾಗಿ ಕಾಯಿಲೆ ಹೊರಗಿನಿಂದ ಬರಬೇಕು, ಹೊಸಿಲು ದಾಟಿ ಬಂದ ಅಪರಿಚಿತನ ಹಾಗೆ. ಮೂರನೆಯದಾಗಿ 'ನಮಗೇ ಯಾಕೆ ಹೀಗಾಯಿತು' ಎಂದು ಕೇಳುವ ಹಕ್ಕು ಆ ಮನೆಯವರಿಗೆ ಇರಬೇಕು. ಕೊನೆಗೆ ರೋಗಿ ಹೋದರೂ ಉಳಿದರೂ, ಉಳಿದವರು ಮೊದಲಿಗಿಂತ ಒಳ್ಳೆಯವರಾಗಬೇಕು.

ಈ ನಾಲ್ಕರಲ್ಲಿ ಮೂರನೆಯದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. 'ನಮಗೇ ಯಾಕೆ' ಎಂದು ಕೇಳಬೇಕಾದರೆ, ಇದು ನಮಗೆ ಆಗಬಾರದಿತ್ತು ಎಂಬ ನಂಬಿಕೆ ಮೊದಲು ಇರಬೇಕು. ಮ್ಯಾನ್‌ಹೋಲಿಗೆ ಇಳಿದವನ ಪುಪ್ಪುಸ ಕೆಟ್ಟರೆ, ಕಲ್ಲು ಕ್ವಾರಿಯ ಧೂಳು ಕುಡಿದವನಿಗೆ ಉಸಿರು ಕಟ್ಟಿದರೆ, ಆ ಮನೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತು. ಉತ್ತರ ಗೊತ್ತಿರುವ ಕಡೆ ಈ ಮಾದರಿಯ ಕಥೆ ನಿಲ್ಲುವುದಿಲ್ಲ. ಕಥೆಗೆ ರಹಸ್ಯ ಬೇಕು, ವಿಧಿ ಬೇಕು. ಕೂಲಿಯ ಲೆಕ್ಕ ಹೇಳುವ ರೋಗ ಅದಕ್ಕೆ ಒಗ್ಗುವುದಿಲ್ಲ.

3

ಈಗ ಸಿನಿಮಾದ ಹೆಸರಿಗೆ ಬರುತ್ತೇನೆ. ಹೆಸರಿಟ್ಟವರು ಗಟ್ಟಿ ಆಳು. ಪೇಪರಿನ ಮೂಲೆಯಲ್ಲಿ 'ಕಾಣೆಯಾಗಿದ್ದಾರೆ' ಎಂಬ ಪ್ರಕಟಣೆಯನ್ನು ಓದದ ಕನ್ನಡಿಗರಿಲ್ಲ. ಇಷ್ಟಡಿ ಎತ್ತರ, ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತಾಡುತ್ತಾರೆ. ಒಂದು ಇಡೀ ಜೀವವನ್ನು ಠಾಣೆಯ ಭಾಷೆ ನಾಲ್ಕು ಪದಕ್ಕೆ ಇಳಿಸುತ್ತದೆ. ನಮ್ಮ ತಂದೆಯ ಬಗ್ಗೆ ನಮಗೆ ಗೊತ್ತಿರುವುದು ಈ ನಾಲ್ಕು ಪದ ಮಾತ್ರವೇ ಎಂಬುದು ಸಿನಿಮಾ ಮಗನಿಗೆ ಕೇಳುವ ಪ್ರಶ್ನೆ. ಒಳ್ಳೆಯ ಪ್ರಶ್ನೆ.

ನನಗೆ ಆ ನಾಲ್ಕು ಪದಗಳೇ ಸಾಕು, ಅವುಗಳ ಮೇಲೇ ನನ್ನ ಕಣ್ಣು. ನಮ್ಮ ಸೀಮೆಯಲ್ಲಿ ಬೆಳೆಯುವುದು ರಾಗಿ. ಉಣ್ಣುವುದು ರಾಗಿ. ಗೋಧಿ ನಮ್ಮ ಮನೆಗೆ ಬರುತ್ತಿದ್ದದ್ದು ಸೊಸೈಟಿಯ ರೇಷನ್ನಿನಲ್ಲಿ. ರಾಗಿ ತಿನ್ನುವ ನಾಡಿನಲ್ಲಿ ಮನುಷ್ಯನ ಮೈಬಣ್ಣಕ್ಕೆ ಅಳತೆಗೋಲು ಗೋಧಿಯಾದದ್ದು ಹೇಗೆ? 'ರಾಗಿ ಬಣ್ಣ' ಎಂದು ಯಾವ ಠಾಣೆಯ ಪ್ರಕಟಣೆಯಲ್ಲೂ ನಾನು ಓದಿಲ್ಲ. ನಮ್ಮ ಬಣ್ಣ ಹೇಳಬೇಕಾದಾಗ 'ಎಣ್ಣೆಗೆಂಪು' ಎನ್ನುತ್ತಾರೆ, ಇಲ್ಲದಿದ್ದರೆ ಸೀದಾ 'ಕಪ್ಪು'. ಈ ಸಿನಿಮಾ 2018ರಲ್ಲಿ ತಮಿಳಿಗೆ ಹೋಯಿತು. ಪ್ರಕಾಶ್ ರಾಜ್ ತಂದೆಯಾದರು. ಅಲ್ಲಿ ಅದರ ಹೆಸರು '60 ವಯದು ಮಾನಿರಂ'. ಮೈಕಟ್ಟು ಬಿಟ್ಟುಹೋಗಿ ವಯಸ್ಸು ಬಂತು, ಬಣ್ಣ ಮಾತ್ರ ಬಿಟ್ಟುಹೋಗಲಿಲ್ಲ. 'ಮಾನಿರಂ' ಅಂದರೂ ನಡುಬಣ್ಣವೇ, ತೀರಾ ಕಪ್ಪಲ್ಲದ್ದು.

'ಸಾಧಾರಣ' ಎಂಬುದು ಇನ್ನೂ ಸೂಕ್ಷ್ಮವಾದ ಪದ. ಸಿನಿಮಾದ ವಾದವೇ ಅದು: ಇವರು ಸಾಧಾರಣ ಮನುಷ್ಯ, ಯಾರ ತಂದೆ ಬೇಕಾದರೂ ಆಗಬಹುದಾದ ಮನುಷ್ಯ. ಹಾಗಾಗಿಯೇ ನಾವೆಲ್ಲ ಅಳುತ್ತೇವೆ. ಆದರೆ ಎಲ್ಲರ ತಂದೆಯೂ ಆಗಬಹುದಾದ ಆ ಮನುಷ್ಯನ ಹೆಸರು ಮಾತ್ರ ವೆಂಕೋಬ ರಾವ್. ಸಿನಿಮಾ ಎಲ್ಲೂ ಜಾತಿ ಹೇಳುವುದಿಲ್ಲ. ಹೆಸರೇ ಹೇಳಿಬಿಡುವುದರಿಂದ ಹೇಳುವ ಅಗತ್ಯ ಬೀಳುವುದಿಲ್ಲ. ರಮೇಶನ್ ನಾಯರ್ ವಿಷಯದಲ್ಲೂ ಅಷ್ಟೇ. ನಮ್ಮ ಹೆಸರಿನ ಒಬ್ಬ ಮುದುಕ ಕಳೆದುಹೋಗಿದ್ದರೆ ಅದು 'ದಲಿತ ಸಿನಿಮಾ' ಆಗುತ್ತಿತ್ತು. ವೆಂಕೋಬ ರಾಯರು ಕಳೆದುಹೋದದ್ದು ಬರೀ 'ಸಿನಿಮಾ'. ಸಾಧಾರಣ ಎಂಬ ಪಟ್ಟ ಯಾರಿಗೆ ಸಿಗುತ್ತದೆ ಎಂಬುದರಲ್ಲೇ ಯಜಮಾನಿಕೆ ಅಡಗಿದೆ.

ಆರೈಕೆಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸಿನಿಮಾದಲ್ಲಿ ಆರೈಕೆಗೆ ಮುಖ ಕೊಟ್ಟವಳು ಡಾಕ್ಟರು. ಅವಳ ಹೆಸರೇ ಸಹನಾ. ಇಂಥ ಕೇಂದ್ರಗಳಲ್ಲಿ ಉಚ್ಚೆ ಬಟ್ಟೆ ಬದಲಿಸುವವರು, ಮೈ ಒರೆಸುವವರು, ರಾತ್ರಿ ಎದ್ದು ಕೂಗಿದರೆ ಬರುವವರು ಆಯಾಗಳು, ವಾರ್ಡ್ ಬಾಯ್‌ಗಳು. ಅವರಲ್ಲಿ ಎಷ್ಟು ಜನ ನಮ್ಮ ಕೇರಿಗಳಿಂದ ಬಂದವರು ಎಂಬುದು ಬೆಂಗಳೂರಿನ ಯಾವ ಆಸ್ಪತ್ರೆಗೆ ಹೋದರೂ ಕಣ್ಣಿಗೆ ಕಾಣುತ್ತದೆ. ಕಥೆಯ ಒಂದು ತಿರುವೂ ಅವರ ಕೈಯಲ್ಲಿಲ್ಲ. ಮೈ ಮುಟ್ಟುವ ಕೆಲಸ ಅವರದು, ಮನಸ್ಸು ಮುಟ್ಟುವ ದೃಶ್ಯ ಡಾಕ್ಟರದು.

4

ಹಾಗಾದರೆ ದಲಿತರ ಮನೆಯ ಕಾಯಿಲೆ ಕನ್ನಡ ಪರದೆಯ ಮೇಲೆ ಬಂದೇ ಇಲ್ಲವೆ? ಬಂದಿದೆ. 1975ರ 'ಚೋಮನ ದುಡಿ' ಇದೆಯಲ್ಲ. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ಸಿನಿಮಾ, ಚೋಮನಾಗಿ ವಾಸುದೇವ ರಾವ್. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರ ಹೊತ್ತು ತಂದು ಸಾಯುತ್ತಾನೆ. ನೀಲ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಹತ್ತಿರ ಜನವಿದ್ದರೂ ಮುಟ್ಟಿ ಎತ್ತುವವರಿಲ್ಲ. ಇಲ್ಲಿ ಜ್ವರ ಹೊರಗಿನಿಂದ ಬಂದ ಅಪರಿಚಿತನಲ್ಲ. ಅದು ಸಾಲದ ಚೀಟಿಯ ಹಿಂದೆಯೇ ನಡೆದು ಬಂದದ್ದು. ಧಣಿಯ ಲೆಕ್ಕದ ಪುಸ್ತಕ, ತೋಟ, ಜ್ವರ, ಹೆಣ: ಇವು ಒಂದೇ ಸಾಲಿನಲ್ಲಿ ಬರುತ್ತವೆ. ಕಾಯಿಲೆಯ ಕಾರಣ ಹೇಳುವ ಧೈರ್ಯ ಆ ಕಥೆಗಿದೆ ಎಂಬುದಕ್ಕೆ ನಾನು ಅದಕ್ಕೆ ಋಣಿ.

ಆದರೆ ಅದರ ಹಂದರ ನೋಡಿ. ಮನೆಯವರು ಒಬ್ಬರಾದ ಮೇಲೆ ಒಬ್ಬರು ಉದುರುತ್ತಾರೆ, ಒಣಗಿದ ಮರದ ಎಲೆಯ ಹಾಗೆ. ಹುಡುಕುವವರಿಲ್ಲ, ಎದ್ದು ನಿಲ್ಲುವವರಿಲ್ಲ. ಕೊನೆಗೆ ಉಳಿದವನು ದುಡಿ ಬಡಿದು ಸಾಯುತ್ತಾನೆ. ವೆಂಕೋಬ ರಾಯರ ಮನೆಗೆ ಒಂದು ದುರಂತ, ಅದರ ಸುತ್ತ ನೂರು ತಿರುವು. ಚೋಮನ ಮನೆಗೆ ಐದಾರು ದುರಂತ, ತಿರುವು ಒಂದೂ ಇಲ್ಲ. ಒಂದು ಕಡೆ ಕಾಯಿಲೆಗೆ ಕಥೆಯಿದೆ, ಕಾರಣವಿಲ್ಲ. ಇನ್ನೊಂದು ಕಡೆ ಕಾರಣವಿದೆ, ಕಥೆ ಬರೀ ಇಳಿಜಾರು. ನಮ್ಮನ್ನು ನೋಡಿ ಮರುಗಿದವರು ಕೊಟ್ಟ ಹಂದರ ಇದು.

ಇವೆರಡರಾಚೆ ನನಗೆ ದಾರಿ ತೋರಿಸಿದ್ದು ದೇವನೂರ ಮಹಾದೇವರ 'ಒಡಲಾಳ'. ಅಲ್ಲೂ ಒಂದು ಹುಡುಕಾಟವಿದೆ. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಕೇರಿಯೆಲ್ಲ ಹುಡುಕುತ್ತಾಳೆ, ಬೈಯುತ್ತಾಳೆ, ಬಿಡುವುದಿಲ್ಲ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಳ್ಳೆಕಾಯಿ ತಿನ್ನುವ ಸಂಭ್ರಮವಿದೆ. ಪೊಲೀಸರೂ ಹುಡುಕಲು ಬರುತ್ತಾರೆ. ಆದರೆ ಅವರು ಹುಡುಕುವುದು ಸಾಕವ್ವ ಕಳೆದುಕೊಂಡದ್ದನ್ನಲ್ಲ, ಸಾಹುಕಾರ ಕಳೆದುಕೊಂಡದ್ದನ್ನು. ಒಂದೇ ಪೊಲೀಸು, ಒಂದು ಕಥೆಯಲ್ಲಿ ಮನೆಯವರ ಪರವಾಗಿ ಊರು ಹುಡುಕುತ್ತದೆ, ಇನ್ನೊಂದರಲ್ಲಿ ಊರಿನ ಪರವಾಗಿ ಮನೆ ಹುಡುಕುತ್ತದೆ. ಹುಡುಕಾಟದ ಕಥೆಯನ್ನು ಹೀಗೆ ತಿರುಗಿಸಿ ಹಾಕಬಹುದು ಎಂದು ಮಹಾದೇವ ತೋರಿಸಿಕೊಟ್ಟಿದ್ದಾರೆ. ಮುಖ್ಯವಾದದ್ದು ಅಂದರೆ ಸಾಕವ್ವ ಕರುಣೆಗೆ ಸಿಗುವುದಿಲ್ಲ. ಅವಳ ಹುಂಜಕ್ಕೆ ಅವಳೇ ಯಜಮಾನಿ.

5

ಅವ್ವ ಯಾಕೆ ಆ ಪ್ರಶ್ನೆ ಕೇಳಿದಳು ಎಂಬುದನ್ನು ಇನ್ನು ಮುಚ್ಚಿಡಲಾರೆ. ಇದು ನನ್ನ ಮನೆಯ ಮಾತು. ಆದರೆ ಇದಿಲ್ಲದೆ ನನ್ನ ವಾದ ನಿಲ್ಲುವುದಿಲ್ಲ.

ನಮ್ಮ ಅಜ್ಜಿಗೂ ಅದೇ ಕಾಯಿಲೆ ಇತ್ತು ಎಂದು ಈಗ ನನಗೆ ಅನ್ನಿಸುತ್ತದೆ. ಆಗ ಯಾರೂ ಅದನ್ನು ಕಾಯಿಲೆ ಅನ್ನಲಿಲ್ಲ. ಅರವತ್ತಕ್ಕೆ ಅರಳು ಮರಳು ಅಂತ ಗಾದೆಯೇ ಇದೆಯಲ್ಲ, ಅಷ್ಟೇ. ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ ಈ ಕಾಯಿಲೆಯನ್ನು ವೈದ್ಯಲೋಕದ ಮುಂದಿಟ್ಟದ್ದು 1906ರಲ್ಲಿ. ಆ ಹೆಸರು ನಮ್ಮ ಕೇರಿಯನ್ನು ಅಜ್ಜಿ ಇರುವವರೆಗೂ ತಲುಪಲಿಲ್ಲ. ಅಜ್ಜಿ ಮೊದಲು ಅಡುಗೆ ಮರೆತಳು, ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಹೆತ್ತ ಮಗನ ಮುಖ. ಇವೆಲ್ಲ ವೆಂಕೋಬ ರಾಯರ ಕಾಯಿಲೆಯ ಹಾಗೆಯೇ.

ಆಮೇಲೆ ಅವಳು ದಾರಿ ಮರೆಯತೊಡಗಿದಳು. ಅಲ್ಲಿಂದ ನಮ್ಮ ಕಥೆ ಬೇರೆಯಾಯಿತು. ಅಜ್ಜಿ ಮನೆಯಲ್ಲಿ ಇಲ್ಲ ಅಂತ ಗೊತ್ತಾದಾಗ ಅವ್ವ 'ಎಲ್ಲಿ ಬಿದ್ದಳೋ, ಬಸ್ಸಿಗೆ ಸಿಕ್ಕಳೋ' ಎಂದು ಗಾಬರಿಯಾಗುತ್ತಿರಲಿಲ್ಲ. ಅವಳ ಬಾಯಿಂದ ಬರುತ್ತಿದ್ದ ಮಾತು ಒಂದೇ: "ಯಾರ್ ಜಗುಲಿ ಮ್ಯಾಲ್ ಕುಂತವ್ಳೋ, ಓಡಿ ನೋಡ್ಲಾ ಮಗ." ಕಳೆದುಹೋಗುವುದು ನಮಗೆ ಭಯವಾಗಿರಲಿಲ್ಲ. ಸಿಗಬಾರದ ಜಾಗದಲ್ಲಿ ಸಿಗುವುದು ಭಯವಾಗಿತ್ತು. ಹುಟ್ಟಿದಾಗಿನಿಂದ ಯಾವ ಬೀದಿಯಲ್ಲಿ ನಡೆಯಬಾರದು, ಯಾವ ಬಾವಿಯ ಕಟ್ಟೆ ಹತ್ತಬಾರದು ಎಂದು ಕಲಿತಿದ್ದ ಅಜ್ಜಿ ಅದನ್ನೆಲ್ಲ ಮರೆತುಬಿಟ್ಟಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅವಳು ಊರೊಳಗಿನ ದೊಡ್ಡ ಮನೆಯೊಂದರ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಗಾಳಿಗೆ ಮುಖವೊಡ್ಡಿ, ಆರಾಮವಾಗಿ. ಅಷ್ಟು ನಿರುಮ್ಮಳವಾಗಿ ಅವಳು ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಆ ಮನೆಯವರು ಹೊಡೆಯಲಿಲ್ಲ, ನಿಜ ಹೇಳಬೇಕು. ಮುದುಕಿಗೆ ಮಂಪರು ಅಂತ ಅವರಿಗೂ ಗೊತ್ತಿತ್ತು. ನಾನು ಹೋಗುವಷ್ಟರಲ್ಲಿ ಆ ಮನೆಯ ಹೆಂಗಸೊಬ್ಬರು ಚೊಂಬಿನಲ್ಲಿ ನೀರು ತಂದಿದ್ದರು. ಅಜ್ಜಿ ಚೊಂಬಿಗೆ ಕೈ ಚಾಚಲಿಲ್ಲ. ಜಗುಲಿಯಿಂದ ಇಳಿದು, ಸೊಂಟ ಬಗ್ಗಿಸಿ, ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದಳು. "ಉಯ್ಯಿ ಬುದ್ಧಿ" ಅಂದಳು.

ಮಗನ ಹೆಸರು ಮರೆತವಳು. ಬೊಗಸೆ ಮರೆತಿರಲಿಲ್ಲ.

ಮರುದಿನ ಅಪ್ಪನನ್ನು ಕರೆಸಿ ಬುದ್ಧಿ ಹೇಳಿದರು. ಬುದ್ಧಿ ಕಳೆದುಕೊಂಡವಳು ಅಜ್ಜಿ, ಬುದ್ಧಿ ಹೇಳಿಸಿಕೊಂಡವನು ಅಪ್ಪ, ಹೇಳಿದವರನ್ನು ನಾವು ಕರೆಯುತ್ತಿದ್ದದ್ದೂ 'ಬುದ್ಧಿ' ಅಂತಲೇ.

ಈ ಕಾಯಿಲೆ ಹೊಸ ನೆನಪುಗಳನ್ನು ಮೊದಲು ತಿನ್ನುತ್ತದೆ, ಹಳೆಯವು ತಡವಾಗಿ ಹೋಗುತ್ತವೆ, ಮೈ ರೂಢಿಮಾಡಿಕೊಂಡದ್ದು ಇನ್ನೂ ತಡವಾಗಿ ಹೋಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಸಿನಿಮಾ ಈ ಸತ್ಯವನ್ನು ಬಳಸಿಕೊಂಡು ಕೊನೆಗೆ ಉಳಿಯುವುದು ಪ್ರೀತಿ ಎನ್ನುತ್ತದೆ. ವೆಂಕೋಬ ರಾಯರಲ್ಲಿ ಉಳಿದದ್ದು ಹೆಂಡತಿಯ ಪ್ರೀತಿ. ಆ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊನೆಗೆ ಏನು ಉಳಿಯುತ್ತದೆ ಎಂಬುದು ಒಳಗೆ ಏನನ್ನು ಎಷ್ಟು ಆಳಕ್ಕೆ ಬಡಿದಿದ್ದಾರೆ ಎಂಬುದರ ಮೇಲೆ ನಿಂತಿದೆ. ನಮ್ಮ ಅಜ್ಜಿಯಲ್ಲಿ ಉಳಿದದ್ದು ಬೊಗಸೆ. ಅವಳಿಗೂ ಗಂಡನಿದ್ದ, ಪ್ರೀತಿ ಇದ್ದಿರಬೇಕು. ಬೊಗಸೆ ಅದಕ್ಕಿಂತ ಆಳದಲ್ಲಿತ್ತು. ಈ ಕಾಯಿಲೆಗೆ ಯಾವ ನ್ಯೂರಾಲಜಿಸ್ಟ್ ಹೆಸರಿಟ್ಟಿದ್ದಾನೆ?

ಅವಳದೊಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಪೋಸ್ಟರ್ ಮಾಡಿಸುವ ಪ್ರಸಂಗ ಬಂದಿದ್ದರೆ ಏನು ಹಾಕಿಸುತ್ತಿದ್ದೆವೋ ಗೊತ್ತಿಲ್ಲ. ವಿಳಾಸದ ಜಾಗದಲ್ಲಿ ಊರಿನ ಹೆಸರು ಹಾಕಿದರೆ ನಾವು ಊರಿನಲ್ಲಿರಲಿಲ್ಲ, ಕೇರಿಯಲ್ಲಿದ್ದೆವು.

6

ಈ ಬರಹದ ಮೊದಲ ಕರಡು ಓದಿದ ಗೆಳೆಯರೊಬ್ಬರು ಎರಡು ಮಾತು ಹೇಳಿದರು. ಮೊದಲನೆಯದು: "ಅದು ಬೆಂಗಳೂರಿನ ಕಥೆ ಕಣ್ರೀ, ಸಿಟಿಯಲ್ಲಿ ಯಾರು ಜಾತಿ ಕೇಳ್ತಾರೆ?" ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮ ಹುಡುಗರು ಯಾರನ್ನಾದರೂ ಕೇಳಿ ನೋಡಿ ಅಂದೆ. ಅಲ್ಲಿ ಪ್ರಶ್ನೆ 'ನೀವು ವೆಜ್ಜಾ' ಎಂಬ ರೂಪದಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಎರಡನೆಯದು ನನ್ನನ್ನು ಚುಚ್ಚಿತು. "ನೀನೂ ಅದೇ ಸಿನಿಮಾ ಮಾಡ್ತಿದ್ದೀಯಲ್ಲ" ಅಂದರು. "ಮೊಮ್ಮಗ ಅಜ್ಜಿಯನ್ನು ಹುಡುಕಿದ, ಅವಳನ್ನು ನೋಡಿ ಜ್ಞಾನೋದಯವಾಯಿತು, ಲೇಖನ ಬರೆದ. ಶಿವನಿಗೂ ನಿನಗೂ ಏನು ವ್ಯತ್ಯಾಸ?"

ಒಪ್ಪಲೇಬೇಕು. ಆ ಸಂಜೆಯ ಮುಂದಿನ ವರ್ಷವೇ ನಾನು ಪೇಟೆಯ ಹಾಸ್ಟೆಲಿಗೆ ಹೋದೆ. ಅಜ್ಜಿ ಅದಾದ ಮೇಲೂ ನಾಲ್ಕು ವರ್ಷ ಬದುಕಿದ್ದಳು. ಆ ನಾಲ್ಕು ವರ್ಷ ಅವ್ವ ಅವಳ ಸೀರೆ ಸೆರಗಿಗೆ ತನ್ನ ಸೆರಗನ್ನು ಗಂಟು ಹಾಕಿಕೊಂಡು ಮಲಗುತ್ತಿದ್ದಳು, ರಾತ್ರಿ ಎದ್ದು ಹೋದರೆ ಎಚ್ಚರವಾಗಲಿ ಅಂತ. ನಾಟಿ ಕಾಲದಲ್ಲಿ ಜೊತೆಗೆ ಕರೆದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಕೂರಿಸಿ, ಒಂದು ಸಾಲು ನೆಟ್ಟು ಒಂದು ಸಲ ತಿರುಗಿ ನೋಡುತ್ತಿದ್ದಳಂತೆ. ಅದಕ್ಕೆ ಕೂಲಿ ಹಿಡಿದದ್ದೂ ಉಂಟಂತೆ. ಇವೆಲ್ಲ ನನಗೆ ಗೊತ್ತಾದದ್ದು ಸಿನಿಮಾ ನೋಡಿದ ರಾತ್ರಿಯ ಮೇಲೆ, ಕೇಳಿದಾಗ. ಅಂದರೆ ಸಿನಿಮಾ ಆಯಾಗಳನ್ನು ಕಥೆಯಿಂದ ಹೊರಗಿಟ್ಟಿತು ಎಂದು ದೂರಿದ ನಾನು ಅವ್ವನನ್ನು ಇಷ್ಟು ವರ್ಷ ಕಥೆಯಿಂದ ಹೊರಗಿಟ್ಟಿದ್ದೆ. ಜಾತಿಯನ್ನು ನೋಡಲು ಕಲಿತ ಕಣ್ಣು ಹೆಂಗಸಿನ ದುಡಿಮೆಯನ್ನು ತಾನಾಗಿ ನೋಡುತ್ತದೆ ಎಂದು ನಾವು ತಿಳಿದಿದ್ದರೆ ಅದು ತಪ್ಪು.

ಹಾಗಾಗಿ ಬರೆಯುವ ಗೆಳೆಯರಿಗೆ, ಈಗ ಸಿನಿಮಾ ಮಾಡಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ನನ್ನದು ಒಂದೇ ಕೇಳಿಕೆ. ಕಾಯಿಲೆಯ ಕಥೆ ಬರೆಯುವಾಗ ವೆಂಕೋಬ ರಾಯರ ಜಾಗದಲ್ಲಿ ನಮ್ಮ ಅಜ್ಜಿಯನ್ನು ಕೂರಿಸಿ ಅದೇ ಹಂದರವನ್ನು ಹೊದಿಸಬೇಡಿ. ಪೋಸ್ಟರು, ಹುಡುಕಾಟ, ಮಗನ ಪಶ್ಚಾತ್ತಾಪ, ಅಪ್ಪುಗೆ ಇವೆಲ್ಲ ಅವಳ ಮೈಗೆ ಕೂರುವುದಿಲ್ಲ. ಚೋಮನ ಇಳಿಜಾರೂ ಬೇಡ. ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಕಾಯಿಲೆ ಬಂದ ದಿನದಿಂದ ಶುರುವಾದರೆ ಅದು ರಾಯರ ಕಥೆಯಾಗುತ್ತದೆ. ಬೊಗಸೆ ಕಲಿತ ದಿನದಿಂದ ಶುರುವಾದರೆ?

ಮೊನ್ನೆ ಅವ್ವನಿಗೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ಜಗುಲಿ ಮ್ಯಾಲ್ ಕುಂತಿದ್ಲಲ್ಲ, ಅವತ್ತು ನಗ್ತಿದ್ಲಾ?" ಎಂದು ಕೇಳಿದಳು.

ಹೂಂ, ನಗುತ್ತಿದ್ದಳು ಅಂದೆ.

"ಅದ ಬರಿ" ಅಂದಳು.